ಸರ್ವೋತ್ತಮ ಸುವರ್ಣರು ಮೀನು ಬಿಟ್ಟ ದಿನ

ಎರ್ಮಾಳಿನ ಸರ್ವೋತ್ತಮ ಸುವರ್ಣರು ಮಣಿಪಾಲದಲ್ಲಿ ವಿಜ್ಞಾನಿಯೊಬ್ಬರ ಭಾಷಣಕ್ಕೆ ಹೋಗಿ ಕುಳಿತದ್ದು ಸಭಾಂಗಣ ತಂಪಾಗಿತ್ತು ಎಂಬ ಒಂದೇ ಕಾರಣಕ್ಕೆ. ಮೀನು, ಮೊಟ್ಟೆಗಳಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಹೇರಳ. ಆಹಾರದಲ್ಲಿ ಅದನ್ನು ತಗ್ಗಿಸಿದಾಗ ಇಲಿಗಳು ಹೆಚ್ಚು ಕಾಲ ಬದುಕಿದವು ಎಂದರು ವಿಜ್ಞಾನಿ. "ಆದರೆ ಮನುಷ್ಯರ ವಿಷಯದಲ್ಲಿ..." ಎಂದು ಅವರು ಮುಂದುವರಿಸುವಾಗ ಸುವರ್ಣರು ಹೊರಗೆ ಚಹಾದ ಸಾಲಿನಲ್ಲಿ ಮೊದಲಿಗರಾಗಿ ನಿಂತಾಗಿತ್ತು.

ಅವರ ಮನೆತನದ ಗಂಡಸರು ಯಾರೂ ಎಪ್ಪತ್ತು ದಾಟಿದವರಲ್ಲ. ಸುವರ್ಣರಿಗೋ, ತೊಟ್ಟಿಲಲ್ಲಿದ್ದ ಮೊಮ್ಮಗಳು ಮೋಕ್ಷಾಳ ಮದುವೆ ಊಟ ಉಣ್ಣುವ ಆಸೆ. ಮರುದಿನ ಬೆಳಿಗ್ಗೆಯೇ ಹೆಂಡತಿಗೆ ಇಲಿಗಳ ಕತೆಯನ್ನೆಲ್ಲ ಒಪ್ಪಿಸಿ ಹೇಳಿಬಿಟ್ಟರು.

"ಚಂಪಾ, ಇವತ್ತಿನಿಂದ ನನಗೆ ಮೀನು ಬೇಡ. ಬೇಯಿಸಿದ ಹೆಸರುಕಾಳು ಸಾಕು."

"ಮತ್ತೆ ಈ ಬಂಗುಡೆ ಎಂತ ಮಾಡುವುದು?"

"ಬೆಕ್ಕಿಗೆ ಹಾಕು."

ಇಲಿಕಾಟಕ್ಕೆಂದು ಸಾಕಿದ ಬೆಕ್ಕು ಈ ತೀರ್ಮಾನವನ್ನು ತುಂಬುಹೃದಯದಿಂದ ಸ್ವಾಗತಿಸಿತು.

ದೊಡ್ಡಾಸ್ಪತ್ರೆಯ ಊರಾದ ಮಣಿಪಾಲಕ್ಕೆ ಹೋಗಿ ಬಂದವರು ಎರ್ಮಾಳಿನಲ್ಲಿ ಮೀನು ಬೇಡವೆಂದರೆ ಊರಿಗೆ ಹೊಳೆಯುವ ಅರ್ಥ ಒಂದೇ. ಪಕ್ಕದ ಮನೆಯ ಲವೀನಾ ಬಾಯಿ ಹುಳಿಖಾರದ ಬಂಗುಡೆ ಪುಳಿಮುಂಚಿಯ ಪಾತ್ರೆ ಹಿಡಿದು, ಕಣ್ಣು ಒರೆಸುತ್ತಾ ಬಂದರು.

"ಸರ್ವೋತ್ತಮಣ್ಣ, ಡಾಕ್ಟರ್ ಎಷ್ಟು ಸಮಯ ಹೇಳಿದ್ದಾರೆ?"

"ನೂರು ವರ್ಷ," ಎಂದರು ಸುವರ್ಣರು ಎದೆಯುಬ್ಬಿಸಿ.

"ಪಾಪ, ಇಂಥಾದ್ದರಲ್ಲೂ ತಮಾಷೆ ಬಿಡಲಿಲ್ಲ," ಎಂದು ಲವೀನಾ ಬಾಯಿ ಚಂಪಾರ ಕೈ ಹಿಡಿದುಕೊಂಡರು.

ಮಧ್ಯಾಹ್ನ ಲವೀನಾ ಬಾಯಿಯ ಗಂಡ ರೋನಿ ಹುರಿದ ಅಂಜಲ್ ಮೀನು ತಂದ. "ದೋಣಿಯಿಂದ ಈಗ ಇಳಿಸಿದ್ದು ಮಾರಾಯ್ರೆ. ಹೋಗುವ ಮೊದಲು ಒಂದು ತುಂಡು ತಿನ್ನಿ."

"ಎಲ್ಲಿಗೂ ಹೋಗುವುದಿಲ್ಲ ಮಾರಾಯ. ಹೋಗಬಾರದು ಅಂತಲೇ ಬಿಟ್ಟದ್ದು."

ರೋನಿ ನಂಬಲಿಲ್ಲ. ಊರೂ ನಂಬಲಿಲ್ಲ. ಸಂಜೆಯವರೆಗೆ ಸಿಗಡಿ, ಬೂತಾಯಿ, ಕಾಣೆ ಎಲ್ಲವೂ ಕಣ್ಣೀರಿನ ಸಮೇತ ಬಂದವು. ಕಣ್ಣೀರು ಸುವರ್ಣರ ಪಾಲಿಗೆ, ಮೀನು ಬೆಕ್ಕಿನ ಪಾಲಿಗೆ.

ಮುಸ್ಸಂಜೆಯ ಹೊತ್ತಿಗೆ ಮನೆಯೆಲ್ಲಾ ಹುರಿದ ಮೀನಿನ ವಾಸನೆ. ಸುವರ್ಣರ ಸಂಕಲ್ಪ ನೆನೆಸಿದ ಹೆಸರುಕಾಳಿನಂತೆ ಮೆತ್ತಗಾಯಿತು. ಒಂದೇ ಒಂದು ತುಂಡು ಅಂಜಲ್ ತಿಂದರೆ ಮೊಮ್ಮಗಳ ಮದುವೆಯೇನೂ ನಿಂತುಹೋಗದು. ಹೀಗೆಂದುಕೊಂಡು ಕಳ್ಳಹೆಜ್ಜೆಯಲ್ಲಿ ಅಡುಗೆಮನೆಗೆ ನುಗ್ಗಿದರು.

ತಟ್ಟೆಗಳೆಲ್ಲ ತೊಳೆದಿಟ್ಟಂತೆ ಖಾಲಿ. ಬೆಕ್ಕು ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಹಸಿವು ತಾಳಲಾರದೆ ಹೆಸರುಕಾಳಿನ ಪಾತ್ರೆಯತ್ತ ತಿರುಗಿದರೆ, ಅದರ ಅಂಚಿನ ಮೇಲೆ ದಪ್ಪನೆಯ ಇಲಿಯೊಂದು ಕುಳಿತು ನಿಧಾನಕ್ಕೆ ಊಟ ಮುಗಿಸುತ್ತಿತ್ತು. ಬೆಕ್ಕು ಒಂದು ಕಣ್ಣು ತೆರೆದು ಅದನ್ನು ನೋಡಿತು, ಮತ್ತೆ ಮುಚ್ಚಿಕೊಂಡಿತು.

ಬಾಗಿಲಲ್ಲಿ ಚಂಪಾ ನಿಂತಿದ್ದರು.

"ಆ ವಿಜ್ಞಾನಿ ಹೇಳಿದ್ದು ಸುಳ್ಳಲ್ಲ ಮಾರಾಯ್ರೆ. ಮೀನು ಬಿಟ್ಟದ್ದು ನೀವು, ಆಯುಷ್ಯ ಹೆಚ್ಚಾದದ್ದು ಇಲಿಗೆ."