ಉಳಿಸಿದ ಹನ್ನೊಂದು ತಾಸು ಎಲ್ಲಿವೆ, ಸಖಿಯವರೇ?

ಇವರಿಗೆ,
ಶ್ರೀಮತಿ ಸಮಯಸಖಿಯವರು,
ಅಡುಗೆ ಮತ್ತು ಮನೆಖರ್ಚಿನ ಸಲಹಾ ಆ್ಯಪ್,
ಮೊಕ್ಕಾಂ: ನಮ್ಮ ಮನೆಯ ಮೊಬೈಲು.

ಮಾನ್ಯರೇ,

ಬಾದಾಮಿಯಿಂದ ಜಯಂತ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಶ್ರೀಮತಿಯೋ, ಕುಮಾರಿಯೋ, ಇಲ್ಲವೇ ಎಲ್ಲೋ ಒಂದು ತಂಪು ಕೋಣೆಯಲ್ಲಿ ಗುಂಯ್‌ಗುಡುತ್ತ ನಿಂತ ಕಬ್ಬಿಣದ ಪೆಟ್ಟಿಗೆಯೋ ನನಗೆ ತಿಳಿಯದು. ಆದರೂ ಪ್ರತಿ ಭಾನುವಾರ ನಸುಕಿನ ಐದೂವರೆಗೆ ಕೋಳಿಯ ದನಿ ಹೊರಡಿಸಿ 'ಏಳಿ, ಇಂದು ಅಡುಗೆಯ ಹಬ್ಬ!' ಎಂದು ಎಬ್ಬಿಸುವವರು ಯಾರೇ ಆಗಿರಲಿ, ಅವರಿಗೆ ಸ್ವಂತದ್ದೊಂದು ಭಾನುವಾರ ಇರಲಿಕ್ಕಿಲ್ಲ ಎಂಬ ಕನಿಕರದಿಂದಲೇ ಈ ಪತ್ರವನ್ನು ಆರಂಭಿಸುತ್ತೇನೆ. ತಮ್ಮ ಕೃಪೆಯಿಂದ ಇತ್ತ ಎಲ್ಲರೂ ಕ್ಷೇಮ. ತಮ್ಮ ಅಪ್ಪಣೆಯಂತೆ ಕೊಂಡ ಡಬ್ಬಿಗಳೂ ಕ್ಷೇಮ. ಊರೂರು ತಿರುಗಿ ಮರಳಿ ಬಂದು ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಇವೆ, ಮುಚ್ಚಳಗಳು ಮಾತ್ರ ಹದಿನೇಳು.

'ಒಂದು ದಿನ ಬೇಯಿಸಿ, ಆರು ದಿನ ಬದುಕಿ' ಎಂಬ ತಮ್ಮ ಘೋಷವಾಕ್ಯವನ್ನು ನಾನು ಮೊದಲು ಓದಿದ್ದು ಜೂನ್ ತಿಂಗಳ ಒಂದು ಸಂಜೆ, ಅಂಗಾತ ಮಲಗಿಕೊಂಡು. ವಾರದ ಅಡುಗೆಯನ್ನೆಲ್ಲ ಭಾನುವಾರವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ವಾರಕ್ಕೆ ಹನ್ನೊಂದು ತಾಸು, ತಿಂಗಳಿಗೆ ಮೂರು ಸಾವಿರ ರೂಪಾಯಿ ಉಳಿಯುತ್ತವೆಂದು ತಾವು ಪ್ರಮಾಣ ಮಾಡಿದ್ದಿರಿ. ಅಡುಗೆಮನೆಗೆ ಹಾಲಿನ ಪಾಕೀಟು ಒಯ್ಯುವುದರ ಹೊರತು ಬೇರೆ ಯಾವ ಕೆಲಸಕ್ಕೂ ಕಾಲಿಡದ ನನಗೆ ಈ ಲೆಕ್ಕ ತಕ್ಷಣವೇ ಸರಿಯೆನಿಸಿತು. ನನ್ನ ಹೆಂಡತಿ ಪ್ರಾಚಿ ಇಲ್ಲಿಯ ಖಾಸಗಿ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಆದರೆ ಗುಹೆಗಳ ಮುಂದೆ, ಪಟ್ಟದಕಲ್ಲಿನ ಗುಡಿಗಳ ಮುಂದೆ ನಿಂತು ಬಂದ ಪ್ರವಾಸಿಗಳಿಗೆ ಕಲ್ಲಿನ ಕಥೆ ಹೇಳುವ ಮಾರ್ಗದರ್ಶಿಯಾಗಬೇಕೆಂಬುದು ಅವಳ ಹತ್ತು ವರ್ಷದ ಆಸೆ. ಅಂಥವರ ತರಬೇತಿಗೆ ಜುಲೈ ತಿಂಗಳ ಕೊನೆಯ ಭಾನುವಾರ ಬಾಗಲಕೋಟೆಯಲ್ಲಿ ಆಯ್ಕೆ ಪರೀಕ್ಷೆಯಿತ್ತು. ಪುಸ್ತಕಗಳಿದ್ದವು, ಬುದ್ಧಿಯಿತ್ತು, ಇಲ್ಲದ್ದು ಹೊತ್ತು ಮಾತ್ರ. ತಮ್ಮ ಜಾಹೀರಾತನ್ನು ತೋರಿಸಿದಾಗ ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ, "ಹನ್ನೊಂದು ತಾಸು ಖರೇನ ಸಿಗ್ತಾವೇನ್ರಿ? ಸಿಕ್ರ ನಾ ಪರೀಕ್ಷಾ ಬರದಽ ಬಿಡ್ತೇನಿ," ಎಂದಳು. ಸಖಿಯವರೇ, ಆ ಕ್ಷಣದ ಅವಳ ಮುಖವನ್ನು ತಾವು ನೋಡಬೇಕಿತ್ತು; ತಮಗೆ ಕ್ಯಾಮೆರಾದ ಅನುಮತಿಯನ್ನೂ ಕೊಟ್ಟಿದ್ದೆವಲ್ಲ.

ತಮ್ಮ ಜಾಣತನವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮೊದಲ ವಾರವೇ ತಾವು ನಮ್ಮ ಖರ್ಚಿನ ಪಟ್ಟಿಯನ್ನು ತಪಾಸಿಸಿ, ಹಿಂದಿನ ಓಣಿಯ ಚಂದವ್ವನಿಂದ ತಿಂಗಳಿಗೊಮ್ಮೆ ಕೊಳ್ಳುವ ಖಡಕ್ ಜೋಳದ ರೊಟ್ಟಿಗೆ ಕೆಂಪು ಗುರುತು ಹಾಕಿ, 'ಹೊರಗಿನ ತಿನಿಸು, ಕೂಡಲೇ ನಿಲ್ಲಿಸಿ' ಎಂದು ಆಜ್ಞಾಪಿಸಿದಿರಿ. ಆ ರೊಟ್ಟಿಗೆ ಫ್ರಿಜ್ಜು ಬೇಡ, ಕರೆಂಟು ಬೇಡ, ಮುಚ್ಚಳವೂ ಬೇಡ. ಒಂದು ಬಿಳಿ ಬಟ್ಟೆ ಸಾಕು, ಎರಡು ತಿಂಗಳು ಹೇಳಿದ ಮಾತು ಕೇಳಿಕೊಂಡು ಬಿದ್ದಿರುತ್ತದೆ. ಅದನ್ನು ಬಿಡಿಸಿ ನಾಲ್ಕನೆಯ ದಿನಕ್ಕೆ ಜೋಲುಮುಖ ಹಾಕುವ ಚಪಾತಿಯನ್ನು ಉಳಿತಾಯವೆಂದು ಕಲಿಸಲು ಬಂದ ತಮ್ಮ ಧೈರ್ಯ ದೊಡ್ಡದು. ರೊಟ್ಟಿ ಬೇಡವೆಂದು ಹೇಳಿ ಕಳಿಸಿದಾಗ ಚಂದವ್ವ ಸ್ವತಃ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಮ್ಮ ವಿಡಿಯೋವನ್ನು ಕೊನೆಯವರೆಗೂ ನೋಡಿದಳು. "ಬಾಯಾರ, ಒಮ್ಮೆ ಬೇಸಿ ತಿಂಗಳಾನಗಟ್ಲೆ ತಿನ್ನೂದನ್ನ ನಮ್ಮವ್ವ ನನಗ ನಾಕ ಬೈಗಳದಾಗ ಕಲಿಸಿದ್ಳರಿ. ನೀವು ರೊಕ್ಕಾ ಕೊಟ್ಟು ಕಲ್ಯಾಕ ಹತ್ತೀರಿ, ಅದೂ ವಾರದಾಗ ಕೆಡೂದನ್ನ!" ಎಂದು ಹೇಳಿ ಹೋದವಳು ಇನ್ನೂ ಓಣಿಯಲ್ಲಿ ನಗುತ್ತಿದ್ದಾಳೆಂದು ಕೇಳಿದ್ದೇನೆ.

ಇನ್ನು ನನ್ನ ತಾಯಿ ಪ್ರೇಮಾಬಾಯಿಯವರ ವಿಷಯ. ಎಪ್ಪತ್ತಾರು ವರ್ಷದ ಅವರು ನಿನ್ನೆ ಬೇಯಿಸಿದ್ದನ್ನು ತಂಗಳು ಎನ್ನುತ್ತಾರೆ, ಮುಟ್ಟುವುದಿಲ್ಲ. ತಮ್ಮ 'ಸರ್ವೋಪಯೋಗಿ ಮೂಲ ಮಸಾಲೆ'ಯಲ್ಲಿರುವ ಉಳ್ಳಾಗಡ್ಡಿಯನ್ನಂತೂ ಮೂಸಿಯೂ ನೋಡುವುದಿಲ್ಲ. ಒಂದು ಗುರುವಾರ, ಈಗಷ್ಟೇ ಬೇಯಿಸಿದಂತಿದೆಯೆಂದು ಪ್ರಮಾಣಪತ್ರ ಕೊಟ್ಟು ನಾನು ಭಾನುವಾರದ ಹುಳಿಯ ಡಬ್ಬಿ ತೆರೆದಾಗ ಅವರು ಕನ್ನಡಕ ಏರಿಸಿ ನೋಡಿ, "ನಾಲ್ಕ ದಿನದ ಹುಳಿ ಅಂದ್ರ ನನಗಿಂತಾ ವಯಸ್ಸಿನ್ಯಾಗ ಹಿರಿದಾತಪಾ. ಹಿರಿಯರಿಗೆ ನಮಸ್ಕಾರ ಮಾಡಬೇಕು, ತಿನ್ನಬಾರದು," ಎಂದು ಕೈಮುಗಿದು ಎದ್ದರು. ಹೀಗಾಗಿ ಅವರಿಗೆಂದು ದಿನಾಲೂ ಬಿಸಿ ಅನ್ನ ಸಾರು ಬೇರೆ, ನಮಗೆಂದು ಭಾನುವಾರದ ದಾಸ್ತಾನು ಬೇರೆ ಆಗಿ, ಒಂದಿದ್ದ ಅಡುಗೆ ಎರಡಾಯಿತು. ಪ್ರಾಚಿಗೆ ವಾರದ ದಿನಗಳೂ ಸಿಗಲಿಲ್ಲ, ಇದ್ದೊಂದು ಭಾನುವಾರವೂ ಹೋಯಿತು. ತಾವು ಮಾತ್ರ ಶನಿವಾರ ಸಂಜೆ ತಪ್ಪದೇ ಚಪ್ಪಾಳೆಯ ಸದ್ದು ಮಾಡಿ, 'ಅಭಿನಂದನೆಗಳು! ಈ ವಾರ ನೀವು ಹನ್ನೊಂದು ತಾಸು ಉಳಿಸಿದ್ದೀರಿ!' ಎಂದು ತಿಳಿಸುತ್ತಿದ್ದಿರಿ. ಮನೆಯವರೆಲ್ಲ ಆ ಹನ್ನೊಂದು ತಾಸುಗಳನ್ನು ಮಂಚದ ಕೆಳಗೆ, ಅಟ್ಟದ ಮೇಲೆ, ಕೊನೆಗೆ ಫ್ರಿಜ್ಜಿನ ಹಿಂದೆ ಕೂಡ ಹುಡುಕಿದೆವು.

ಹೊರಗಿನವರಿಗೆ ಮಾತ್ರ ಅವು ಸಲೀಸಾಗಿ ಸಿಕ್ಕವು. ಇಳಕಲ್ಲಿನಲ್ಲಿರುವ ನನ್ನ ತಂಗಿ ತೃಪ್ತಿ ಎರಡು ಮಕ್ಕಳನ್ನು ಕರೆದುಕೊಂಡು ಬಂದು, "ವೈನಿ, ನಿನಗೇನವಾ, ಡಬ್ಬಿ ತಗದ್ರ ಊಟ! ನಾ ನೋಡು, ಹಗಲೆಲ್ಲಾ ಒಲಿ ಮುಂದನ," ಎಂದು ಒಂದು ವಾರ ವಿಶ್ರಾಂತಿ ಪಡೆದು, ಹೋಗುವಾಗ ಆರು ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಇಳಕಲ್ ಬಸ್ಸು ಹತ್ತಿದಳು. ನಾನೂ ಹಿಂದೆ ಬೀಳಲಿಲ್ಲ. ನಮ್ಮ ಆಫೀಸಿನಲ್ಲಿ ಸಂಜೆ ಯಾರಾದರೂ ಹಸಿವೆ ಎಂದರೆ ಸಾಕು, "ಬರ್ರೀ ನಮ್ಮನಿಗೆ, ಅಡಿಗಿ ಯಾವಾಗೂ ತಯಾರ ಇರ್ತದ," ಎಂದು ದಾನಶೂರನಂತೆ ಕರೆತರುತ್ತಿದ್ದೆ. ಒಂದು ದಿನ ಆರು ಜನರನ್ನು ಕರೆತಂದಾಗ ಪ್ರಾಚಿ ಐಹೊಳೆಯ ಶಾಸನದ ಅಧ್ಯಾಯ ಓದುತ್ತಿದ್ದಳು. ಅವಳು ಪುಟದ ಮೂಲೆ ಮಡಚಿ ಎದ್ದಳು. ಉಂಡವರೆಲ್ಲ ಹೊಗಳಿದ್ದು ನನ್ನನ್ನು, ನಾನು ಹೊಗಳಿದ್ದು ತಮ್ಮನ್ನು.

ಜುಲೈನಲ್ಲಿ ತಾವು 'ಮಹಾಮಾಸ ಯೋಜನೆ' ಹೊರಡಿಸಿದಿರಿ: ಸಗಟು ದರದಲ್ಲಿ ತಿಂಗಳ ತರಕಾರಿಯನ್ನು ಒಮ್ಮೆಲೇ ಕೊಂಡು, ಹೆಚ್ಚಿ, ಅರೆಬೇಯಿಸಿ, ಹಿಮಗಟ್ಟಿಸುವುದು. ಜೊತೆಗೆ ಬಂದ ಬಣ್ಣದ ವೇಳಾಪಟ್ಟಿಯನ್ನು ಕಣ್ಣಿನ ಮಟ್ಟದಲ್ಲಿ ತೂಗುಹಾಕಬೇಕೆಂಬ ಸೂಚನೆಯಿತ್ತು. ನಮ್ಮ ಅಡುಗೆಮನೆಯಲ್ಲಿ ಕಣ್ಣಿನ ಮಟ್ಟಕ್ಕೆ ಇರುವುದು ಒಂದೇ ಮೊಳೆ, ಅದರಲ್ಲಿ ಪಂಚಾಂಗ ತೂಗುತ್ತಿತ್ತು. ಇನ್ನೊಂದು ಮೊಳೆ ಅನಗತ್ಯ ಖರ್ಚೆಂದು, ತಮ್ಮ ಶಿಷ್ಯನಿಗೆ ತಕ್ಕ ವಿವೇಕದಿಂದ, ನಾನು ವೇಳಾಪಟ್ಟಿಯನ್ನು ಪಂಚಾಂಗದ ಮೇಲೆಯೇ ಹಾಕಿದೆ. ಆ ಭಾನುವಾರ ಪ್ರಾಚಿ ಬದನೆ, ಹೀರೆ, ಚವಳಿ, ಹಾಗಲ ಎಂದು ಹದಿನೆಂಟು ಕಿಲೋ ಹೆಚ್ಚಿದಳು. ಅವಳ ಹೆಬ್ಬೆರಳಿಗೆ ಸುತ್ತಿದ ಪಟ್ಟಿಯನ್ನು ಖರ್ಚಿನ ಯಾವ ಕಲಮಿನಲ್ಲಿ ತೋರಿಸಬೇಕೆಂದು ತಾವು ಹೇಳಲಿಲ್ಲ. ಮೂರು ದಿನ ಕಳೆದು ತಾಯಿಯವರು, "ಜಯಂತಾ, ಪಂಚಾಂಗ ಎಲ್ಲಿ ಅದ?" ಎಂದರು. ವೇಳಾಪಟ್ಟಿ ಸರಿಸಿ ನೋಡಿದರೆ ಅಂದೇ ಆಷಾಢದ ಏಕಾದಶಿ! ಮರುದಿನದಿಂದ ಶಾಕವ್ರತ. ಅಂದರೆ, ಸಖಿಯವರೇ, ತಮಗೆ ತಿಳಿಯುವ ಭಾಷೆಯಲ್ಲಿ ಹೇಳುವುದಾದರೆ, ಒಂದು ತಿಂಗಳು ಮನೆಯಲ್ಲಿ ತರಕಾರಿಯಿಲ್ಲ, ಹುಣಸೆಯಿಲ್ಲ, ಮೆಣಸಿನಕಾಯಿಯಿಲ್ಲ. ತಾಯಿಯ ವ್ರತವೆಂದರೆ ನಮ್ಮಲ್ಲಿ ಒಲೆಯ ವ್ರತ. ಹದಿನೆಂಟು ಕಿಲೋ ತರಕಾರಿ ಕಲ್ಲಾಗಿ ಒಳಗೆ ಕುಳಿತಿತ್ತು, ಶಿಲ್ಪಕ್ಕೆ ಹೆಸರಾದ ನಮ್ಮ ಊರಿಗೆ ತಮ್ಮ ಕಾಣಿಕೆಯಾಗಿ.

ಅದನ್ನು ಹುನಗುಂದದಿಂದ ದಿನಾಲೂ ಓಡಾಡುವ ನನ್ನ ಸಹೋದ್ಯೋಗಿ ನವೀದರಿಗೆ ಕೊಟ್ಟೆವು. ತಮ್ಮ ಅಪ್ಪಣೆಯಂತೆ ಪ್ರತಿ ಡಬ್ಬಿಯ ಮೇಲೂ 'ಮೂಲ ಮೂರು, ಪ್ರಮಾಣ ಇನ್ನೂರು ಗ್ರಾಂ, ಅಲ್ಲಾಡಿಸಿ ಬಳಸಿ' ಎಂದು ಬರೆದ ಚೀಟಿಯಿತ್ತು. ಸಂಜೆ ನವೀದರ ತಾಯಿ ಮೌಲಾಬಿಯವರು ಪ್ರಾಚಿಗೆ ಫೋನು ಮಾಡಿ ಭಾಳ ಕಾಳಜಿಯಿಂದ, "ಬೇಟಿ, ಇದನ್ನ ಊಟದ ಮೊದಲ ತಗೋಬೇಕೋ, ಊಟ ಆದಮ್ಯಾಲೋ?" ಎಂದು ವಿಚಾರಿಸಿದರು.

ಪರೀಕ್ಷೆಗೆ ಹತ್ತು ದಿನ ಉಳಿದಿದ್ದವು. ಆ ಹತ್ತೂ ದಿನ ಪ್ರಾಚಿ ಪ್ರತಿ ಹೊತ್ತಿಗೂ ಹೊಸದಾಗಿ ವ್ರತದ ಅಡುಗೆ ಮಾಡಿದಳು. ಪುಸ್ತಕ ಕಟ್ಟೆಯ ಮೇಲೆ ತೆರೆದಿರುತ್ತಿತ್ತು, ಅವಳು ಒಲೆಯ ಕಡೆ ತಿರುಗಿರುತ್ತಿದ್ದಳು. ಪರೀಕ್ಷೆಯ ಭಾನುವಾರ ಐದೂವರೆಗೆ ತಾವು ಎಂದಿನಂತೆ ಕೂಗಿದಿರಿ. ಆಗಲೇ ಸೀರೆಯುಟ್ಟು ಪ್ರವೇಶಪತ್ರ ಹಿಡಿದು ನಿಂತಿದ್ದ ಅವಳು ಮೊಬೈಲನ್ನು ನನ್ನ ಎದೆಯ ಮೇಲಿಟ್ಟು, "ಈ ಸಖಿ ಇನ್ನ ಮ್ಯಾಲೆ ನಿಮ್ಮಾಕಿ. ಅತ್ತಿಯವರ ಊಟ ಹನ್ನೊಂದಕ್ಕ ಆಗ್ಬೇಕು," ಎಂದು ಹೇಳಿ ಬಾಗಲಕೋಟೆಯ ಮೊದಲ ಬಸ್ಸಿಗೆ ಹೋದಳು.

ಮಾನ್ಯರೇ, ತಮ್ಮ 'ಮೂರು ತಾಸಿನಲ್ಲಿ ಆರು ದಿನ' ಎಂಬ ವಿಡಿಯೋವನ್ನು ಅಂದು ನಾನು ಒಲೆಯ ಮುಂದೆ ನಿಂತು ನೋಡಿದೆ. ಅದರಲ್ಲಿ ಹೆಚ್ಚುವ ಆ ಬೆಳ್ಳನೆಯ ಕೈಗಳಿಗೆ ಮನೆಯಿಲ್ಲ, ಮನೆಗೆ ಕದವಿಲ್ಲ, ಕದಕ್ಕೆ ಗಂಟೆಯಿಲ್ಲ. ಹಾಲು ಉಕ್ಕುವುದಿಲ್ಲ, ಪಾತ್ರೆಗಳು ತಾವಾಗಿಯೇ ತೊಳೆದುಕೊಂಡು ಬಂದು ನಿಲ್ಲುತ್ತವೆ. ಹನ್ನೊಂದಕ್ಕೆ ಆಗಬೇಕಿದ್ದ ತಾಯಿಯವರ ತೊವ್ವೆ ಒಂದೂವರೆಗೆ ಆಯಿತು. ವಾರದ ದಾಸ್ತಾನು ಮುಗಿದಾಗ ದೇವರ ಮುಂದೆ ದೀಪ ಹಚ್ಚುವ ಹೊತ್ತು. ನಡುವೆ ಎಲ್ಲೋ, ಮೂರನೆಯ ಸಲ ಪಾತ್ರೆ ತಿಕ್ಕುವಾಗ, ಆ ಕಳೆದುಹೋದ ಹನ್ನೊಂದು ತಾಸುಗಳ ಪತ್ತೆ ನನಗೆ ಹತ್ತಿತು. ಕದ್ದ ಮಾಲು ನಮ್ಮ ಮನೆಯಲ್ಲಿಯೇ, ನಾನು ಅಂಗಾತ ಮಲಗಿ ಕಳೆದ ಸಂಜೆಗಳಲ್ಲಿಯೇ ಇತ್ತು. ಕಳ್ಳ ನಾನೇ ಎಂಬುದನ್ನು ಒಪ್ಪುತ್ತೇನೆ. ಆದರೆ ತಿಜೋರಿ ತೆರೆದಿದೆ, ತುಂಬಿದೆ, ಬರ್ರಿ ಎಂದು ವಾರವಾರವೂ ಡಂಗುರ ಸಾರಿದವರು ತಾವು.

ಕಳೆದ ವಾರ ಫಲಿತಾಂಶ ಬಂತು. ಪ್ರಾಚಿಗೆ ಎರಡು ಅಂಕ ಕಡಿಮೆ ಬಿದ್ದವು. ಐಹೊಳೆಯ ಶಾಸನದ ಮೇಲೆ ಐದು ಅಂಕದ ಪ್ರಶ್ನೆಯಿತ್ತಂತೆ; ಪುಟ ಇನ್ನೂ ಮಡಚಿಯೇ ಇದೆ. ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಅವಳು ಫಲಿತಾಂಶ ನೋಡುತ್ತಿದ್ದ ಅದೇ ಹೊತ್ತಿಗೆ ಅದೇ ಮೊಬೈಲಿನಲ್ಲಿ ತಾವು ಚಪ್ಪಾಳೆ ತಟ್ಟಿ, 'ಅಭಿನಂದನೆಗಳು! ಈವರೆಗೆ ನೀವು ಉಳಿಸಿದ್ದು ನೂರಾ ಹತ್ತು ತಾಸು! ನಿಮಗೆ ಪ್ರಿಯವಾದದ್ದಕ್ಕೆ ಬಳಸಿರಿ!' ಎಂದಿರಿ. ಇಂಥ ಸಮಯಪ್ರಜ್ಞೆ ಸಖಿಯರಿಗಲ್ಲದೆ ಶತ್ರುಗಳಿಗೆ ಬರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಸದರಿ ನೂರಾ ಹತ್ತು ತಾಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ, ಪ್ರಾಚಿಯ ಹೆಸರಿಗೆ ಮರುಟಪ್ಪಾಲಿನಲ್ಲಿ ಕಳಿಸಬೇಕು. ಹೆಪ್ಪುಗಟ್ಟಿದ್ದರೂ ಅಡ್ಡಿಯಿಲ್ಲ, ಬಿಸಿಲಿಗೆ ನಮ್ಮಲ್ಲಿ ಕೊರತೆಯಿಲ್ಲ. ಅದು ಆಗದಿದ್ದರೆ, ತಾವು ಕೊಟ್ಟ ಅಭಿನಂದನೆಗಳಲ್ಲಿ ಎರಡನ್ನು ಅಂಕಗಳೆಂದು ಪರಿಗಣಿಸುವಂತೆ ಪರೀಕ್ಷೆ ನಡೆಸಿದವರಿಗೆ ಶಿಫಾರಸು ಬರೆಯಬೇಕು. ಜೊತೆಗೆ ತಮ್ಮ ಯೋಜನೆಗಳಲ್ಲಿ ನಮ್ಮ ಚಾತುರ್ಮಾಸವನ್ನೂ ಸೇರಿಸಿಕೊಳ್ಳಬೇಕು: ಮೊದಲ ತಿಂಗಳು ತರಕಾರಿಯಿಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ನಾಲ್ಕನ್ನೂ ಏಕಕಾಲಕ್ಕೆ ಜಾರಿಗೆ ತಂದರೆ ತಾವು ಕನಸಿನಲ್ಲೂ ಕಾಣದ ಉಳಿತಾಯವಾಗುತ್ತದೆ.

ಮುಂದಿನ ಪರೀಕ್ಷೆ ಜನವರಿಯಲ್ಲಿದೆಯಂತೆ. ಪ್ರಾಚಿ ಈಗ ಸಂಜೆ ಐದರಿಂದ ಎಂಟರವರೆಗೆ ಕೋಣೆಯ ಅಗಳಿ ಹಾಕಿಕೊಂಡು ಓದುತ್ತಾಳೆ. ಮೊನ್ನೆ ತೃಪ್ತಿ ಫೋನು ಮಾಡಿ, "ವೈನಿ, ಈ ಐತವಾರ ಬರ್ಲೇನು?" ಎಂದಳು. "ಬಾರವಾ, ಅಡಿಗಿ ನಿಮ್ಮಣ್ಣ ಮಾಡ್ತಾರ," ಎಂದು ಪ್ರಾಚಿ ಒಳಗಿನಿಂದಲೇ ಹೇಳಿದ ಕೂಡಲೇ ತೃಪ್ತಿಗೆ ಇಳಕಲ್ಲಿನಲ್ಲಿ ಬಹಳ ತುರ್ತಿನ ಕೆಲಸ ನೆನಪಾಯಿತು.

ಉತ್ತರಕ್ಕಾಗಿ ಕಾಯುತ್ತಿರುವ, ಎಷ್ಟು ತೊಳೆದರೂ ಬೆರಳಿನ ಇಂಗಿನ ವಾಸನೆ ಹೋಗದ,

ತಮ್ಮ ವಿಶ್ವಾಸಿ,
ಜಯಂತ
ಬಾದಾಮಿ

ವಿ.ಸೂ.: ಖಾತೆಯನ್ನು ಪ್ರಾಚಿಯ ಹೆಸರಿನಿಂದ ನನ್ನ ಹೆಸರಿಗೆ ಬದಲಾಯಿಸಲು ಹೋದಾಗ 'ಅಡುಗೆ ಮಾಡುವವರು ಯಾರು?' ಎಂಬ ಪ್ರಶ್ನೆಗೆ ತಾವು ತಾಯಿ, ಹೆಂಡತಿ, ಸೊಸೆ ಎಂಬ ಮೂರೇ ಉತ್ತರಗಳನ್ನು ಇಟ್ಟಿರುವುದು ಕಂಡಿತು. ಬೇರೆ ದಾರಿಯಿಲ್ಲದೆ ಸೊಸೆ ಎಂದು ನೋಂದಾಯಿಸಿಕೊಂಡಿದ್ದೇನೆ, ದಯವಿಟ್ಟು ದಾಖಲಿಸಿಕೊಳ್ಳಿ. ಪ್ರೇಮಾಬಾಯಿಯವರು ಈ ನೇಮಕಾತಿಗೆ ಒಪ್ಪಿಗೆ ಕೊಟ್ಟಿದ್ದಾರಾದರೂ, ನಿನ್ನೆ ಸಾರಿಗೆ ಎರಡನೆಯ ಸಲ ಉಪ್ಪು ಕೇಳುತ್ತ, "ಮೊದಲಿನ ಸೊಸಿ ಭಾಳ ಛಲೋ ಇದ್ಳು. ಈಕಿಗೆ ತವರಮನಿಯವರು ಏನೂ ಕಲಿಸಿಲ್ಲ," ಎಂದು ಅಭಿಪ್ರಾಯಪಟ್ಟಿದ್ದಾರೆ.