ಕಾರಿಗೊಂದು ಸಂತಾಪ ಸೂಚನೆ

ನಮ್ಮ ಮನೆಯಲ್ಲಿ ಕಾರು ನನ್ನ ಹೆಂಡತಿಯದು, ಕಾರಿನ ಬಗ್ಗೆ ಅಭಿಪ್ರಾಯಗಳು ನನ್ನವು. ಯಶೋದಾ ಓಡಿಸುತ್ತಾಳೆ. ನಾನು ಪಕ್ಕದಲ್ಲಿ ಕೂತು, ಗೇರು ಯಾವಾಗ ಬದಲಾಯಿಸಬೇಕು, ಎದುರಿಗೆ ಬಂದ ಎಮ್ಮೆಯನ್ನು ಯಾವ ಕಡೆಯಿಂದ ದಾಟಬೇಕು ಅಂತ ಹೇಳುತ್ತಿರುತ್ತೇನೆ. (ನನಗೆ ಡ್ರೈವಿಂಗ್ ಬರುವುದಿಲ್ಲ. ಅದು ಬೇರೆ ವಿಷಯ.)

ಯಶೋದಾ ಮದುವೆ ಬ್ಲೌಸು ಹೊಲಿಯುವುದರಲ್ಲಿ ಎತ್ತಿದ ಕೈ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಅಂತ ಮದುವೆ ಮನೆಗಳನ್ನು ಸುತ್ತಿ ಅಳತೆ ತಗೊಂಡು ಬಂದು, ಹೊಲಿದು, ಮತ್ತೆ ಹೋಗಿ ಕೊಟ್ಟು ಬರುತ್ತಾಳೆ. ಹಾಗೆ ದುಡಿದ ದುಡ್ಡಲ್ಲೇ ಈ ಬದನೆಕಾಯಿ ಬಣ್ಣದ ಹಳೇ ಕಾರು ತಗೊಂಡಿದ್ದು. ತಗೊಳ್ಳುವಾಗಲೇ ಅದಕ್ಕೆ ವಯಸ್ಸಾಗಿತ್ತು. ಒಂದು ಕಿಟಕಿ ಇಳಿದರೆ ಏರುವುದಿಲ್ಲ, ಹಿಂದಿನ ಬಂಪರಿಗೆ ನಮ್ಮ ಗೇಟಿನ ಕಂಬದ ಪರಿಚಯ ಚೆನ್ನಾಗಿದೆ, ಹಾರನ್ನು ಮನಸ್ಸು ಬಂದಾಗ ಕೂಗುತ್ತದೆ. ಯಶೋದಾಗೆ ಇದ್ಯಾವುದೂ ಕುಂದಲ್ಲ.

ಇನ್ನು ನಾನು. ಸಹಕಾರ ಸಂಘವೊಂದರಲ್ಲಿ ಸಂಬಳಕ್ಕೆ ಗುಮಾಸ್ತ, ಪ್ರತಿಭೆಗೆ ಸಾಹಿತಿ. ಚಿತ್ರದುರ್ಗದಲ್ಲಿ ಯಾವ ಸಂಘದ ಮಾಜಿ ನಿರ್ದೇಶಕರು ಕಣ್ಮುಚ್ಚಿದರೂ ಸಂತಾಪ ಸೂಚಕ ನಿರ್ಣಯ ಬರೆಯಲು ಈ ರಘುನಾಥನಿಗೇ ಹೇಳಿ ಕಳಿಸುತ್ತಾರೆ. ಸತ್ತವರನ್ನು ಕಂಡರಾಗದವರೂ ನಾನು ಓದುವಾಗ ಕರ್ಚೀಫು ತೆಗೆಯುತ್ತಾರೆ. ಕಾರಿಗೆ ಕಂಟಕವಾಗಿದ್ದು ಈ ಪ್ರತಿಭೆಯೇ.

ಶುರುವಾಗಿದ್ದು ಹಿರೇಗುಂಟನೂರಿನಲ್ಲಿ, ಅಂದರೆ ನನ್ನ ಅತ್ತೆಮನೆಯಲ್ಲಿ. ಅತ್ತೆಮನೆಗೆ ಹೋಗುವಾಗ ಕಾರು ಫಳಫಳ ಹೊಳೆಯಬೇಕು ಅಂತ ನಾನೇ ಕೂತು ಬಾಗಿಲುಗಳಿಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಒದ್ದೆ ಬಟ್ಟೇಲಿ ಒರೆಸಿದರೆ ಸಾಕು ಅಂತ ಯಶೋದಾ ಹೇಳಿದ್ದು ನಿಜ. ಆದರೆ ನನ್ನ ಕೈಗೆ ಬಿದ್ದ ಬಾಗಿಲು ಕನ್ನಡಿಯಾಯಿತು. ನಿಂತು ತಲೆ ಬಾಚಿಕೊಂಡು ನೋಡಿದೆ, ಬೈತಲೆ ಸಮೇತ ಕಾಣಿಸಿತು.

ಅಲ್ಲಿ ಹೋಗಿ, ಕಾರು ಅಂಗಳದಲ್ಲಿ ಬಿಟ್ಟು, ಒಳಗೆ ಮುದ್ದೆಗೆ ಕೂತೆವು. ಹೊರಗೆ ಧಡ್ ಅಂತ ಸದ್ದಾಯಿತು. ಯಾರೋ ಏನೋ ಕುಟ್ಟುತ್ತಿದ್ದಾರೆ ಅಂದುಕೊಂಡೆ. ಮತ್ತೆ ಧಡ್. ಅತ್ತೆಮನೆಯಲ್ಲಿ ಊಟದ ಮಧ್ಯೆ ಎದ್ದು ವಿಚಾರಿಸುವುದು ಅಳಿಯನಿಗೆ ಶೋಭೆಯಲ್ಲ ಅಂತ ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಮುಗಿಸಿ ಕೈ ತೊಳೆಯಲು ಬಂದು ನೋಡುತ್ತೇನೆ, ನನ್ನ ಭಾವಮೈದ ಮಾರುತೇಶ ಕಾಳಗಕ್ಕೆ ಅಂತ ಸಾಕಿದ್ದ ಟಗರು ಹಗ್ಗ ಕಿತ್ತುಕೊಂಡು ಕಾರಿನ ಮುಂದೆ ನಿಂತಿದೆ. ನಾನು ಕೂರುವ ಕಡೆಯ ಬಾಗಿಲಲ್ಲಿ ತನ್ನಂಥದೇ ಇನ್ನೊಂದು ಟಗರು ಕಂಡಿದೆ ಅದಕ್ಕೆ. ಇದು ಹಿಂದೆ ಹೋದರೆ ಅದೂ ಹಿಂದೆ ಹೋಗುತ್ತದೆ, ಇದು ಬಂದರೆ ಅದೂ ಬರುತ್ತದೆ. ಕಾಳಗ ಮುಗಿಯುವುದಾದರೂ ಹೇಗೆ? ಕೊನೆಗೆ ಬಾಗಿಲು ಒಳಗೆ ಕುಸಿದು, ಒಳಗಿನ ಟಗರು ಮಾಯವಾದ ಮೇಲೆಯೇ ಹೊರಗಿನದು ಗೆದ್ದೆ ಅಂತ ತಲೆ ಎತ್ತಿದ್ದು.

ಮಾರುತೇಶ ಓಡಿ ಬಂದ. ಬಂದವನು ಕಾರಿನ ಕಡೆ ತಿರುಗಿಯೂ ನೋಡದೆ ಟಗರಿನ ಕೊಂಬಿನ ಬುಡಕ್ಕೆ ಅರಿಶಿನ ಮೆತ್ತತೊಡಗಿದ.

"ಕಾರು ಇನ್ನೊಂದು ಸಿಗ್ತೈತೆ ಭಾವ, ಇಂಥ ಟಗರು ಸಿಗಲ್ಲ" ಅಂದ. ನಾನು ಟಗರಿಗೆ ಬೈಯಲು ಬಾಯಿ ತೆರೆದೆ. ಅದು ನನ್ನ ಕಡೆ ನೋಡಿತು. ಬಾಗಿಲು ಕಟ್ಟಲು ಹಗ್ಗ ಹುಡುಕಿಕೊಂಡು ಹೋದೆ.

ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ಊರಿಗೆ ಬಂದೆವು. ನಮ್ಮ ಗ್ಯಾರೇಜಿನ ಚಿಕ್ಕತಿಮ್ಮಪ್ಪ ನೋಡಿ, ಬಾಗಿಲೊಂದು ಹಾಕಿದರೆ ಗಾಡಿ ಸರಿಹೋಗುತ್ತದೆ, ಇನ್ಶೂರೆನ್ಸ್ ಇದೆಯಲ್ಲ, ಹೆಂಗೆ ಆಯಿತು ಅಂತ ಬರೆದುಕೊಡಿ, ಸರ್ವೇಯರ್ ಬಂದು ನೋಡಲಿ ಅಂದ. ಬರೆದುಕೊಡಿ ಅಂದದ್ದೇ ತಡ, ನನಗೆ ಆ ಐಡಿಯಾ ಬಂತು. ಹೇಗೂ ಬರೆಯುವುದು ಬರೆಯುತ್ತೇವೆ, ಬಾಗಿಲೊಂದೇ ಯಾಕೆ? ಏರದ ಕಿಟಕಿ, ಜೋತುಬಿದ್ದ ಬಂಪರು, ಮೂಗನಾದ ಹಾರನ್ನು, ಸ್ಪ್ರಿಂಗು ಚುಚ್ಚುವ ಸೀಟು, ತೆಂಗಿನಕಾಯಿ ಬಿದ್ದು ತಗ್ಗಾದ ಟಾಪು, ಎಲ್ಲವನ್ನೂ ಟಗರಿನ ತಲೆಗೆ ಕಟ್ಟಿಬಿಟ್ಟರೆ ಕಂಪನಿಯ ಖರ್ಚಿನಲ್ಲಿ ಹೊಸ ಕಾರೇ ಬಂದಂತಲ್ಲವೇ?

ಯಶೋದಾಗೆ ಹೇಳಿದೆ. ಬಾಗಿಲು ಹೋಗಿದೆ, ಬಾಗಿಲು ಅಂತಲೇ ಬರೆಯಿರಿ ಅಂದಳು. ವ್ಯವಹಾರ ನಿನಗೆ ಗೊತ್ತಾಗಲ್ಲ ಅಂದೆ. (ವರ್ಷಕ್ಕೆ ಇಷ್ಟು ಮದುವೆ ಮನೆಗಳ ಜೊತೆ ವ್ಯವಹಾರ ಮಾಡುವವಳಿಗೆ ಹೇಳಿದೆ.) ಅವಳು ಬ್ಲೌಸಿಗೆ ಕಾಜ ಹಾಕುತ್ತಿದ್ದಳು, ಹಾಕುತ್ತಲೇ ಇದ್ದಳು.

ಬರೆಯಲು ಕೂತೆ. ಪೆನ್ನು ತನ್ನ ಹಳೇ ಅಭ್ಯಾಸದಂತೆ ಓಡಿತು. "ದಶಕಗಳ ಕಾಲ ನಿಸ್ವಾರ್ಥ ಸೇವೆ ಸಲ್ಲಿಸಿದ ಸದರಿ ವಾಹನವು ಕ್ರೂರ ಟಗರೊಂದರ ಅವಿರತ ಪ್ರಹಾರಕ್ಕೆ ಸಿಲುಕಿ, ಸರ್ವಾಂಗ ಜರ್ಜರಿತವಾಗಿ, ಧ್ವನಿ ಉಡುಗಿ, ಅಂತಿಮ ಸ್ಥಿತಿ ತಲುಪಿರುವುದನ್ನು ಅತೀವ ದುಃಖದಿಂದ ತಿಳಿಸುತ್ತೇನೆ. ಇದರಿಂದ ಉಂಟಾಗಿರುವ ಶೂನ್ಯವನ್ನು ತುಂಬುವುದು ಕಷ್ಟ." ಬರೆದು ಮುಗಿಸುವಷ್ಟರಲ್ಲಿ ನಾನೇ ಕರ್ಚೀಫು ತೆಗೆದೆ. ಯಶೋದಾ ಹೆಸರಿನ ಕಾರಾದ್ದರಿಂದ ಅವಳ ಸಹಿ ಬೇಕಿತ್ತು. ಮದುವೆ ಸೀಸನ್ನಿನ ಗಡಿಬಿಡಿಯಲ್ಲಿ ಅವಳು ಓದದೆ ಸಹಿ ಹಾಕಿದಳು.

ಸರ್ವೇಯರ್ ಕೊಟ್ರೇಶ್ ಬಂದರು. ಸಣ್ಣ ಮೈಯ, ಸಮಾಧಾನದ ಮನುಷ್ಯ. ನನ್ನ ಬರಹವನ್ನು ನಿಧಾನವಾಗಿ ಓದಿದರು, ಕಾರಿನ ಸುತ್ತ ಒಂದು ಸುತ್ತು ಬಂದರು. ಫಾರಮ್ಮಿನಲ್ಲಿ ಡಿಕ್ಕಿ ಹೊಡೆದ ವಾಹನದ ನಂಬರ್ ಕೇಳುವ ಜಾಗದಲ್ಲಿ ಟಗರು ಅಂತಿರುವುದರ ಬಗ್ಗೆ ಅವರದೇನೂ ತಕರಾರಿರಲಿಲ್ಲ.

"ಟಾಪು ಹೆಂಗೆ ತಗ್ಗಾತ್ರಿ?" ಅಂತಷ್ಟೇ ಕೇಳಿದರು.

"ಹಾರಿತು ಸಾರ್" ಅಂದೆ.

"ಒಳಗಿನ ಸೀಟು?"

"ಸಿಟ್ಟಿನಲ್ಲಿತ್ತು ಸಾರ್."

ಅವರು ತಲೆಯಾಡಿಸಿ ಎಲ್ಲವನ್ನೂ ಬರೆದುಕೊಂಡರು. ನಾನು ಗೆದ್ದೆ ಅಂದುಕೊಂಡೆ. ವಾರದೊಳಗೆ ಅವರ ಫೋನ್ ಬಂತು. ಟೋಟಲ್ ಲಾಸ್ ಅಂದರು. ಟೋಟಲ್ ಅಂದರೆ ನಾನು ಬರೆದಿದ್ದೆಲ್ಲ ಪಾಸಾಯಿತು ಅಂತ ಖುಷಿಗೆ ಕಾಫಿ ಲೋಟ ಕೈಯಲ್ಲೇ ಕುಣಿಯಿತು. ಆಮೇಲೆ ಅವರು ಬಿಡಿಸಿ ಹೇಳಿದರು: ನೀವು ಹೇಳಿದ್ದನ್ನೆಲ್ಲ ರಿಪೇರಿ ಮಾಡಿಸುವ ಖರ್ಚು ಈ ಹಳೇ ಗಾಡಿಯ ಬೆಲೆಗಿಂತ ಜಾಸ್ತಿಯಾಗುತ್ತದೆ, ಅದಕ್ಕೇ ರಿಪೇರಿ ಇಲ್ಲ. ಗಾಡಿಯನ್ನು ಗುಜರಿಗೆ ಹಾಕಿ, ಗಾಡಿಯ ಬೆಲೆಯನ್ನು ನಿಮಗೆ ಕೊಡುತ್ತಾರೆ. ಆ ಬೆಲೆಗೆ ಏನು ಬರುತ್ತದೆ ಅಂತ ಕೇಳಿದೆ. ಒಳ್ಳೇ ಟಗರು ಬರಬಹುದು ಅಂದರು.

ಯಶೋದಾಗೆ ಹೇಗೆ ಹೇಳುವುದು? ಅಡುಗೆಮನೆ ಬಾಗಿಲಲ್ಲಿ ನಿಂತು, ಕಾಲ ಯಾರನ್ನೂ ಬಿಟ್ಟಿಲ್ಲ ಅಂತ ಶುರುಮಾಡಿದೆ. ಅವಳು ಒಲೆ ಆರಿಸಿ, ನೇರವಾಗಿ ಹೇಳಿರಿ ಅಂದಳು. ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ, ಕೂಗಾಡಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡಳು. ನನಗೆ ಅದಕ್ಕಿಂತ ಟಗರೇ ವಾಸಿ ಅನ್ನಿಸಿತು.

"ಗಂಟು ಹೊತ್ಕೊಂಡು ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ನಿಂತು ಕಾಲು ಬಾತು ಹೋಗಿದ್ದು ನಂದು. ಆಮೇಲೆ ತಗಂಡಿದ್ದು ಆ ಕಾರು. ನಂಗೆ ದುಡ್ಡು ಬ್ಯಾಡ, ನನ್ ಕಾರು ಬೇಕು. ನೀವೇ ಸಾಯ್ಸಿದ್ದೀರಿ, ನೀವೇ ಬದುಕ್ಸಿ."

ಅವತ್ತಿಡೀ ಕೂತು ಎರಡನೇ ಬರಹ ಬರೆದೆ. ಸಂತಾಪ ಬರೆದ ಕೈಯಿಂದಲೇ ಅಭಿನಂದನೆ. "ಸದರಿ ವಾಹನವು ದೃಢಕಾಯವಾಗಿದ್ದು, ನವಯೌವನದ ಹುಮ್ಮಸ್ಸಿನಿಂದ ಕೂಡಿ, ಯಾವ ಬೆಟ್ಟವನ್ನಾದರೂ ಲೀಲಾಜಾಲವಾಗಿ ಏರಬಲ್ಲದು. ಒಂದು ಬಾಗಿಲಿನ ವಿನಾ ಅದರಲ್ಲಿ ಲವಲೇಶವೂ ಕುಂದಿಲ್ಲ." ಕೊಟ್ರೇಶ್ ಎರಡನ್ನೂ ಎದುರಿಗಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇದ್ರಾಗೆ ಸತ್ತೋಗೈತೆ, ಇದ್ರಾಗೆ ಬೆಟ್ಟ ಹತ್ತತೈತೆ. ನಾನು ಯಾವ್ದು ನಂಬ್ಲಿ? ಜೋಗಿಮಟ್ಟಿ ಬೆಟ್ಟದ ಏರು ಹತ್ತಿಸಿ ತೋರಿಸ್ರಿ. ಹತ್ತಿದ್ರೆ ಬಾಗಿಲು ಹಾಕ್ಸಿ ಗಾಡಿ ಉಳಿಸ್ಕಳ್ರಿ. ಇಲ್ಲಾಂದ್ರೆ ಗುಜರಿ."

ಮಾರನೇ ಬೆಳಿಗ್ಗೆ ಹೊರಟೆವು. ಹಗ್ಗ ಕಟ್ಟಿದ ಬಾಗಿಲು ತೆರೆಯುವ ಹಾಗಿಲ್ಲ. ಪಾಪ, ಕೊಟ್ರೇಶ್ ಡ್ರೈವರ್ ಕಡೆಯಿಂದ ಹತ್ತಿ, ಗೇರು ದಾಟಿ ಆಚೆ ಸೀಟಿಗೆ ಸರಿದರು. ನಾನು ಹಿಂದೆ, ಯಶೋದಾ ಅಲ್ಲಿಂದಲೇ ಹೊಸದುರ್ಗಕ್ಕೆ ಒಯ್ಯಬೇಕಿದ್ದ ಬ್ಲೌಸಿನ ಗಂಟಿನ ಜೊತೆ. ಯಶೋದಾ ಸ್ಟೇರಿಂಗಿಗೆ ಕೈ ಮುಗಿದು ಕೀಲಿ ತಿರುಗಿಸಿದಳು. ನಾನು ಹಿಂದಿನಿಂದ, ಈಗ ಸೆಕೆಂಡು, ಈಗ ಕ್ಲಚ್ಚು ಅಂತ ಅವಳಿಗೆ ಧೈರ್ಯ ತುಂಬುತ್ತಾ ಹೋದೆ.

ಅರ್ಧ ದಾರಿಯವರೆಗೆ ಕಾರು ಚೆನ್ನಾಗಿಯೇ ಹತ್ತಿತು. ಕಡಿದಾದ ತಿರುವೊಂದು ಬಂತು. ಅಲ್ಲಿ ಕೆಮ್ಮಿತು, ತೇಕಿತು, ನಿಂತೇಬಿಟ್ಟಿತು. ಯಶೋದಾ ಹ್ಯಾಂಡ್‌ಬ್ರೇಕ್ ಎಳೆದು ಹಿಡಿದಳು. ಕೊಟ್ರೇಶ್ ಜೇಬಿನಿಂದ ಪೆನ್ನು ತೆಗೆದರು. ಹಾಳಾದ ನನ್ನ ಬರಹದಿಂದ ಇವಳ ಕಾರು ಹೋಯಿತಲ್ಲ ಅಂತ ನಿಜಕ್ಕೂ ನನ್ನನ್ನೇ ಬೈದುಕೊಂಡೆ. ತಕ್ಷಣ ಉಪಾಯ ಹೊಳೆಯಿತು. ಭಾರ ಜಾಸ್ತಿಯಾಗಿದೆ, ಇಳಿಸಿದರೆ ಹತ್ತುತ್ತದೆ ಅಂತ ಬ್ಲೌಸಿನ ಗಂಟಿಗೆ ಕೈ ಹಾಕಿದೆ.

"ಗಂಟು ಅಲ್ಲ" ಅಂದಳು ಯಶೋದಾ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ. "ಅದು ಬೇಕಾಗಿರೋದು."

ಇಳಿದೆ. (ನಾನು ದಪ್ಪ ಅಲ್ಲ. ಸ್ವಲ್ಪ ತುಂಬಿಕೊಂಡಿದ್ದೇನೆ ಅಷ್ಟೇ.) ನಾನು ಇಳಿದಿದ್ದೇ ಕಾರು ಬೆನ್ನು ನೆಟ್ಟಗೆ ಮಾಡಿಕೊಂಡಿತು. ಯಶೋದಾ ನನ್ನ ಒಂದು ಸಲಹೆಯೂ ಇಲ್ಲದೆ ಗೇರು ಹಾಕಿದಳು. ಕಾರು ತಿರುವು ಹತ್ತಿ, ಮರಗಳ ಮರೆಯಾಗಿ, ಮೇಲೆಲ್ಲೋ ಹೋಗಿ ಖುಷಿಯಿಂದ ಹಾರನ್ ಹೊಡೆಯಿತು. ಕಾಡಿನ ದಾರಿಯಲ್ಲಿ ಒಬ್ಬನೇ ನಿಂತು ಚಪ್ಪಾಳೆ ತಟ್ಟಿದೆ.

ಸ್ವಲ್ಪ ಹೊತ್ತಿಗೆ ಕಾರು ಇಳಿದು ಬಂದು ನನ್ನ ಪಕ್ಕ ನಿಂತಿತು. ಯಶೋದಾ ಮುಖ ಅರಳಿತ್ತು. ಕೊಟ್ರೇಶ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಾಡಿ ಭೇಷಾಗಿದೆ, ಬಾಗಿಲು ಪಾಸು ಮಾಡುತ್ತೇನೆ, ಗುಜರಿ ಮಾತು ಬಿಟ್ಟುಬಿಡಿ ಅಂದರು. ನನಗೆ ಕಣ್ಣು ತುಂಬಿ ಬಂತು. ಇನ್ನು ಮನೆಗೆ ಹೋಗಿ ಯಶೋದಾ ಕೈಯಲ್ಲಿ ಒಂದು ಲೋಟ ಕಾಫಿ ಕುಡಿಯುವುದಷ್ಟೇ ಬಾಕಿ ಅಂತ ಹಿಂದಿನ ಬಾಗಿಲಿಗೆ ಕೈ ಹಾಕಿದೆ.

"ತಡೀರಿ ಯಜಮಾನ್ರೇ" ಅಂದರು ಕೊಟ್ರೇಶ್. "ನೀವು ಹತ್ತಿದ್ರೆ ನಾನು ರಿಪೋರ್ಟ್ ಬದಲಾಯ್ಸಬೇಕಾಗ್ತೈತೆ."

ಯಶೋದಾ ಕಡೆ ನೋಡಿದೆ. ಅವಳು ಬಹಳ ದಿನದ ಮೇಲೆ ಬಾಯಿ ತುಂಬ ನಕ್ಕು, ನಿಧಾನ ನಡಕೊಂಡು ಬರ್ರಿ, ಹೊಸದುರ್ಗದಿಂದ ಸಂಜೆಗೆ ಬರ್ತೀನಿ ಅಂತ ಹೇಳಿ, ಗೇರು ಹಾಕಿ ಹೊರಟೇಹೋದಳು. ಕೆಳಗಿನ ತಿರುವಿನಲ್ಲಿ ಕಾರು ಮರೆಯಾಗುವವರೆಗೂ ನಾನು, ಈಗ ಬ್ರೇಕು, ಈಗ ಥರ್ಡು ಅಂತ ಕೂಗಿ ಹೇಳುತ್ತಲೇ ಇದ್ದೆ.