ಬೆನ್ನೆಲುಬಿಲ್ಲದ ಜೀವಿಗಳ ಪರಿಷತ್ತು

ಕತೆಯ ನಾಯಕ ಸುಳ್ಳುಗಾರ. ಕತೆ ಮಾತ್ರ ಅಪ್ಪಟ ನಿಜ. ಅನುಮಾನವಿದ್ದವರು ಆ ಕಾಲೇಜಿನ ಸ್ಟಾಫ್ ರೂಮಿಗೆ ಹೋಗಿ ವಿಚಾರಿಸಬಹುದು. ಒಬ್ಬರೂ ಬಾಯಿ ಬಿಡುವುದಿಲ್ಲ. ಇದಕ್ಕಿಂತ ಸಾಕ್ಷಿ ಬೇಕೆ?

ಇತಿಹಾಸದ ಮೇಷ್ಟ್ರಿಗೆ ಟೇಪು ಮೇಷ್ಟ್ರು ಎಂದೇ ಹೆಸರು. ಯಾರ ಧ್ವನಿ ಕೇಳಿದರೂ ಟೇಪ್ ರೆಕಾರ್ಡರಿನ ಹಾಗೆ ತಿರುಗಿ ಒಪ್ಪಿಸುವುದು ಅವರ ಚಟ. ತರಗತಿಯಲ್ಲಿ ಸತ್ತ ರಾಜರೆಲ್ಲ ಎದ್ದು ಬಂದು ಅವರ ಬಾಯಲ್ಲೇ ಯುದ್ಧ ಮಾಡುತ್ತಿದ್ದರು. ಒಮ್ಮೆ ಮನೆಯಲ್ಲಿ ಅತ್ತೆಯ ಧ್ವನಿಯಲ್ಲಿ ಹೆಂಡತಿಯನ್ನು ಕರೆದು, ವಾರವಿಡೀ ಹೋಟೆಲಿನಲ್ಲಿ ಊಟ ಮಾಡಬೇಕಾಗಿ ಬಂದಿತ್ತು. ನಾಲಿಗೆಯ ರುಚಿ ಕೆಟ್ಟಿತೇ ಹೊರತು ನಾಲಿಗೆಯ ಚಟ ಹೋಗಲಿಲ್ಲ.

ಆ ದಿನ ಮಧ್ಯಾಹ್ನ ಕಾಲೇಜಿನ ವಾರ್ಷಿಕ ಸಭೆಯಿತ್ತು. ಆಡಳಿತ ಮಂಡಳಿಯ ಅಧ್ಯಕ್ಷೆಯ ಮುಂದೆ ಪ್ರಿನ್ಸಿಪಾಲರು ಪ್ರತಿಯೊಬ್ಬರ ವರ್ಷದ ಸಾಧನೆಯನ್ನೂ ಓದಿ ಹೇಳುವ ದಿನ ಅದು. ಒಬ್ಬರು ಎಲ್ಲೋ ಪ್ರಬಂಧ ಮಂಡಿಸಿರುತ್ತಾರೆ. ಇನ್ನೊಬ್ಬರು ಅದಕ್ಕೆ ಚಪ್ಪಾಳೆ ತಟ್ಟಿ ಬಂದು 'ವಿಚಾರ ಸಂಕಿರಣದಲ್ಲಿ ಸಕ್ರಿಯವಾಗಿ ಪಾಲ್ಗೊಂಡರು' ಎಂದು ಬರೆಸಿರುತ್ತಾರೆ. ಏನೂ ಇಲ್ಲದವರಿಗೆ ಒಂದು ಶಿಕ್ಷೆ ಕಾದಿರುತ್ತದೆ: ಮುಂದಿನ ವರ್ಷದ ವೇಳಾಪಟ್ಟಿ ಅವರೇ ಮಾಡಬೇಕು.

"ಸಾಧನೆ ಇಲ್ಲ ಅಂದ್ಮೇಲೆ ಪುರುಸೊತ್ತು ಇದೆ ಅಂತ ತಾನೆ?" ಎನ್ನುವುದು ಪ್ರಿನ್ಸಿಪಾಲರ ತರ್ಕ.

ವೇಳಾಪಟ್ಟಿ ಎಂದರೆ ಹುಡುಗಾಟವೆ? ಮೊದಲ ಪೀರಿಯಡ್ ಯಾರಿಗೂ ಬೇಡ, ಊಟವಾದ ಮೇಲಿನದು ನಿದ್ದೆಗೆ ಬೇಕು, ಕೊನೆಯದು ಕೊಟ್ಟರೆ ಬಸ್ಸು ತಪ್ಪುತ್ತದೆ. ಕಳೆದ ವರ್ಷ ಅದನ್ನು ಮಾಡಿದ ಗಣಿತದ ಮೇಡಂಗೆ ಲೆಕ್ಕವೆಲ್ಲ ಕೂಡಿಬಂದರೂ ಮನುಷ್ಯರು ಕೂಡಿಬರಲಿಲ್ಲ. ಅರ್ಧ ಸ್ಟಾಫ್ ರೂಮು ಈಗಲೂ ಅವರೊಂದಿಗೆ ಮಾತು ಬಿಟ್ಟಿದೆ.

ಟೇಪು ಮೇಷ್ಟ್ರ ಸಾಧನೆ ಸೊನ್ನೆ. ಆದರೂ ಅವರು ನಿಶ್ಚಿಂತೆಯಿಂದಿದ್ದರು. ಯಾಕೆಂದರೆ ಸೊನ್ನೆಗಳಲ್ಲೂ ಹಿರಿತನ ಉಂಟು, ಮತ್ತು ಅವರಿಗಿಂತ ಹಿರಿಯ ಸೊನ್ನೆಯೊಬ್ಬರು ಕಾಲೇಜಿನಲ್ಲಿದ್ದರು: ಪ್ರಾಣಿಶಾಸ್ತ್ರದ ಹುಳು ಮೇಷ್ಟ್ರು. ಲ್ಯಾಬಿನ ಹಿಂದಿನ ಕೋಣೆಯಲ್ಲಿ ಗಾಜಿನ ಜಾಡಿಗಳ ತುಂಬ ಬಸವನಹುಳು ಸಾಕಿಕೊಂಡು, ವರ್ಷಗಟ್ಟಲೆ ಅವುಗಳನ್ನೇ ನೋಡುತ್ತ ಕೂತ ಮನುಷ್ಯ. ಬರೆದದ್ದಿಲ್ಲ, ಮಂಡಿಸಿದ್ದಿಲ್ಲ. ಹೋದ ಸಲ ಕಾಯಿಲೆ ರಜೆ ಅವರನ್ನು ಉಳಿಸಿತ್ತು. ಈ ಸಲ ವೇಳಾಪಟ್ಟಿ ಅವರ ಕೊರಳಿಗೇ ಗ್ಯಾರಂಟಿ.

ಬೆಳಗ್ಗೆ ಟೇಪು ಮೇಷ್ಟ್ರು ಗ್ರಂಥಾಲಯಕ್ಕೆ ಹೋದಾಗ ಗ್ರಂಥಪಾಲಕಿ ಇನ್ನೂ ಬಂದಿರಲಿಲ್ಲ. ಮೇಜಿನ ಮೇಲೆ ಫೋನು ಒಂಟಿಯಾಗಿ ಕೂತಿತ್ತು. ಬಾಯಿ ತುರಿಸಿತು. ಸ್ಟಾಫ್ ರೂಮಿನ ನಂಬರು ತಿರುಗಿಸಿದರು. ಆ ಹೊತ್ತಿಗೆ ಅಲ್ಲಿರುವವರು ಹುಳು ಮೇಷ್ಟ್ರೊಬ್ಬರೇ.

"ಹಲೋ," ಎಂದರು, ಪೀಪಾಯಿಯ ತಳದಿಂದ ಎದ್ದಂಥ ಧ್ವನಿಯಲ್ಲಿ. "ನಾನು ಅಖಿಲ ಬೆನ್ನೆಲುಬಿಲ್ಲದ ಜೀವಿಗಳ ಪರಿಷತ್ತಿನ ಕಾರ್ಯದರ್ಶಿ. ಮುಂದಿನ ತಿಂಗಳ ನಮ್ಮ ಸಮ್ಮೇಳನದಲ್ಲಿ ಬಸವನಹುಳುವಿನ ಬಗ್ಗೆ ಪ್ರಧಾನ ಭಾಷಣ ತಾವೇ ಮಾಡಬೇಕು."

"ನಾನೇ?"

"ತಾವೇ. ತಮ್ಮ ತಪಸ್ಸು ನಮಗೆ ಗೊತ್ತಿಲ್ಲ ಅಂದ್ಕೊಂಡ್ರಾ?"

ಅಷ್ಟರಲ್ಲಿ ಅಂಗಳದಲ್ಲಿ ಅಟೆಂಡರ್ ಮೊದಲ ಪೀರಿಯಡಿನ ಗಂಟೆ ಹೊಡೆದ. ಬಿರುಕು ಬಿಟ್ಟ ಆ ಗಂಟೆ, ಮೆಟ್ಟಿಲ ಮೇಲಿಂದ ಪಾತ್ರೆ ಉರುಳಿದ ಹಾಗೆ ಠಣಠಣಾರ್ ಎಂದಿತು. ಟೇಪು ಮೇಷ್ಟ್ರು ಗಾಬರಿಯಿಂದ ರಿಸೀವರಿಗೆ ಅಂಗೈ ಒತ್ತಿದರು.

ಅತ್ತ ಒಂದು ಸಣ್ಣ ಕೆಮ್ಮು. ಆಮೇಲೆ ಹುಳು ಮೇಷ್ಟ್ರ ಮೆತ್ತನೆಯ ಧ್ವನಿ: "ಬಹಳ ಸಂತೋಷ ಸ್ವಾಮಿ. ಖಂಡಿತ ಬರ್ತೀನಿ."

ಟೀ ಹೊತ್ತಿನಲ್ಲಿ ಎಲ್ಲರೆದುರು ಅದೇ ಪೀಪಾಯಿ ಧ್ವನಿ ತೆಗೆದು ಗುಟ್ಟು ಒಡೆಯುವುದು, ಹೊಟ್ಟೆ ಹುಣ್ಣಾಗುವಂತೆ ನಗುವುದು, ಮುಗಿಯಿತು. ಟೇಪು ಮೇಷ್ಟ್ರ ಲೆಕ್ಕಾಚಾರ ಇಷ್ಟೇ.

ಟೀ ಹೊತ್ತಿಗೆ ಸ್ಟಾಫ್ ರೂಮಿಗೆ ಹೋದರೆ ಹುಳು ಮೇಷ್ಟ್ರು ಕಾಣಿಸಲೇ ಇಲ್ಲ. ಭಾಷಣದ ಸುದ್ದಿ ಆಗಲೇ ಹಬ್ಬಿ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಅವರನ್ನು ಮುತ್ತಿದ್ದರು. ನಡುವೆ ಒಂದು ಜಾಡಿ, ಜಾಡಿಯೊಳಗೆ ಒಂದು ಬಸವನಹುಳು.

"ಸಾರ್, ಇದಕ್ಕೆ ಹಲ್ಲಿರುತ್ತಾ?" ಎಂದರು ದೈಹಿಕ ಶಿಕ್ಷಣದ ಮೇಷ್ಟ್ರು.

"ಸಾವಿರಾರು ಇದೆ. ಎಲ್ಲ ನಾಲಿಗೆ ಮೇಲೇ."

"ನಾಲಿಗೆ ಮೇಲೆ ಹಲ್ಲಾ! ನಮ್ಮ ಅತ್ತಿಗೆ ಥರ," ಎಂದರು ರಸಾಯನಶಾಸ್ತ್ರದ ಮೇಡಂ.

"ಬೇಸಿಗೇಲಿ ಏನ್ಮಾಡುತ್ತೆ?"

"ಚಿಪ್ಪಿನ ಬಾಯಿಗೆ ತೆಳ್ಳಗೊಂದು ಪರದೆ ಕಟ್ಕೊಂಡು ಒಳಗೆ ಮಲಗಿಬಿಡುತ್ತೆ. ಮಳೆ ಬರೋ ತನಕ ಯಾರು ಬಾಗಿಲು ತಟ್ಟಿದ್ರೂ ಏಳಲ್ಲ."

ಹುಳು ಮೇಷ್ಟ್ರ ಮುಖ ಬಲ್ಬು ಹಾಕಿದಂತೆ ಹೊಳೆಯುತ್ತಿತ್ತು. ಭಾಷಣದ ಬಗ್ಗೆ ಯಾರಾದರೂ ಕೇಳಿದರೆ ಮಾತ್ರ, "ಯಾರೋ ಫೋನ್ ಮಾಡಿ ಹಾಗಂದ್ರು, ಅಷ್ಟೇ," ಎಂದು ಮತ್ತೆ ಹುಳುವಿಗೆ ತಿರುಗುತ್ತಿದ್ದರು.

ಟೇಪು ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಪೀಪಾಯಿ ಧ್ವನಿ ಎತ್ತಬೇಕು, ಅಷ್ಟರಲ್ಲಿ ಪ್ರಿನ್ಸಿಪಾಲರು ಬಿರುಗಾಳಿಯಂತೆ ನುಗ್ಗಿದರು. "ಅಧ್ಯಕ್ಷೆಯವರಿಗೆ ಆಗಲೇ ಫೋನ್ ಮಾಡಿ ತಿಳಿಸಿದೀನಿ! ತುಂಬ ಖುಷಿಯಾದ್ರು! ನನ್ನ ಮಾರ್ಗದರ್ಶನದಲ್ಲಿ ನಡೆದ ಸಂಶೋಧನೆ ಅಂತ ಹೇಳಿದೀನಿ!"

ಆಮೇಲೆ ಒಬ್ಬೊಬ್ಬರಿಗೇ ನೆನಪು ಮರುಕಳಿಸತೊಡಗಿತು.

"ಹುಳುವಿನ ಪುಸ್ತಕ ಹುಡುಕಿ ಕೊಟ್ಟಿದ್ದು ನಾನೇ ಅಲ್ವ ಸಾರ್?" ಗ್ರಂಥಪಾಲಕಿ ಪಿಸುಗುಟ್ಟಿದರು.

"ಅದರ ಓಟದ ಟೈಮು ತೆಗೆಯೋಕೆ ಸ್ಟಾಪ್‌ವಾಚು ನಂದೇ," ಎಂದರು ದೈಹಿಕ ಶಿಕ್ಷಣದ ಮೇಷ್ಟ್ರು. ಆ ಸ್ಟಾಪ್‌ವಾಚು ಕೆಟ್ಟು ನಿಂತು ಯಾವ ಕಾಲವಾಗಿತ್ತೋ.

"ಲೋಳೆ ಅಂದ್ರೆ ರಸಾಯನಶಾಸ್ತ್ರ ತಾನೆ?" ಎಂದರು ಮೇಡಂ.

ಟೇಪು ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿದರು. ಹಿರಿಯ ಸೊನ್ನೆ ತುಂಬಿಹೋಗಿದೆ. ಅಕ್ಕಪಕ್ಕದವರೂ ತುಂಬಿಕೊಳ್ಳುತ್ತಿದ್ದಾರೆ. ಇಡೀ ಕಾಲೇಜಿನಲ್ಲಿ ಇನ್ನು ಖಾಲಿ ಉಳಿದವರು ಯಾರು?

ಪ್ರಿನ್ಸಿಪಾಲರ ಹಿಂದೆಯೇ ಓಡಿ ಅವರ ಕೋಣೆ ಹೊಕ್ಕರು. "ಸಾರ್, ಆ ಫೋನಿನ ವಿಷಯ... ಆ ಕಾರ್ಯದರ್ಶಿ ಇದಾರಲ್ಲ, ಅವರು ನಿಜವಾಗಿ..."

"ಅಯ್ಯೋ, ಅವನಾ? ನನ್ನ ಹಳೇ ಸ್ನೇಹಿತ ಕಣ್ರೀ!" ಪ್ರಿನ್ಸಿಪಾಲರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿದರು. "ನಿನ್ನೆಯೇ ನನಗೆ ಹೇಳಿದ್ದ. ನಾನೇ ಶಿಫಾರಸು ಮಾಡಿದ್ದು."

"ಹಳೇ... ಸ್ನೇಹಿತರಾ?"

"ಒಟ್ಟಿಗೆ ಓದಿದವರು. ಅಧ್ಯಕ್ಷೆಯವರಿಗೂ ಹೇಳಿಬಿಟ್ಟೆ."

ತಾನು ಬೆಳಗ್ಗೆ ಹುಟ್ಟಿಸಿದ ಮನುಷ್ಯ ಪ್ರಿನ್ಸಿಪಾಲರೊಂದಿಗೆ ಒಟ್ಟಿಗೆ ಓದಿದ್ದಾನೆ! ಇನ್ನು ನಿಜ ಹೇಳಿದರೆ ಪ್ರಿನ್ಸಿಪಾಲರನ್ನೇ ಸುಳ್ಳುಗಾರ ಎಂದಂತೆ. ಟೇಪು ಮೇಷ್ಟ್ರು ಬಸವನಹುಳುವಿನಂತೆ ಬಂದ ದಾರಿಯಲ್ಲೇ ತೆವಳಿ ಹೊರಬಂದರು.

ಸಭೆ ಶುರುವಾಯಿತು. ಅಧ್ಯಕ್ಷೆ ವಯಸ್ಸಾದ ಹೆಂಗಸು. ಕುತೂಹಲ ಮಾತ್ರ ಮೊನ್ನೆ ಮೊನ್ನೆ ಸ್ಕೂಲಿಗೆ ಸೇರಿದ ಮಗುವಿನದು. ಜಾಡಿಯನ್ನು ಹತ್ತಿರ ತರಿಸಿಕೊಂಡು, ಮೂಗು ತಾಗುವಷ್ಟು ಬಗ್ಗಿ ನೋಡುತ್ತಲೇ ಇದ್ದರು. ಪ್ರಿನ್ಸಿಪಾಲರು ಓದಿದರು: ಮಾರ್ಗದರ್ಶನ, ಪುಸ್ತಕ, ಓಟ, ಲೋಳೆ, ಭೂಗೋಳದವರು ಹುಳು ನಡೆದ ದಾರಿಯ ನಕ್ಷೆ ಬರೆದಿದ್ದರಂತೆ. ಎಲ್ಲರ ಕೊನೆಗೆ ಹುಳು ಮೇಷ್ಟ್ರ ಹೆಸರೂ ಬಂತು.

"ಇತಿಹಾಸ ವಿಭಾಗ..." ಪ್ರಿನ್ಸಿಪಾಲರು ಕನ್ನಡಕ ಏರಿಸಿದರು. "ಏನೂ ಇಲ್ಲ. ಹಾಗಾದ್ರೆ ವೇಳಾಪಟ್ಟಿ ಇವರದ್ದು."

ಕೋಣೆಯ ತುಂಬ ನೆಮ್ಮದಿಯ ಉಸಿರು ಹರಿಯಿತು.

"ಮುಂದಿನ ತಿಂಗಳ ಭಾಷಣಕ್ಕೆ ನಾನೂ ಬರ್ತೀನಿ," ಎಂದರು ಅಧ್ಯಕ್ಷೆ. "ಮಂಡಳಿಯವರನ್ನೆಲ್ಲ ಕರ್ಕೊಂಡು ಬರ್ತೀನಿ. ಮುಂದಿನ ಸಾಲಲ್ಲೇ ಕೂರ್ತೀವಿ."

ಪ್ರಿನ್ಸಿಪಾಲರ ನಗು ಅಂಟು ಬಿಟ್ಟ ಮೀಸೆಯಂತೆ ಒಂದು ಕಡೆ ಜೋತುಬಿತ್ತು. ಟೇಪು ಮೇಷ್ಟ್ರು ತಡೆಯಲಾರದೆ ಎದ್ದು ನಿಂತರು. "ಮೇಡಂ, ಒಂದು ಮಾತು..."

"ಓ, ಧ್ವನಿ ಅನುಕರಣೆ ಮಾಡೋರು ನೀವೇನಾ? ಕೇಳಿದೀನಿ, ಕೇಳಿದೀನಿ. ಆ ಕಾರ್ಯದರ್ಶಿಗಳ ಧ್ವನಿ ಹೇಗಿರಬಹುದು? ಮಾಡಿ ನೋಡೋಣ!"

ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕೀತೆ? ನಿಜ ತಾನಾಗಿಯೇ ಹೊರಬೀಳಲಿ ಎಂದುಕೊಂಡ ಟೇಪು ಮೇಷ್ಟ್ರು ಎದೆಯುಬ್ಬಿಸಿ ಪೀಪಾಯಿಯ ತಳಕ್ಕೆ ಇಳಿದರು. "ಹಲೋ. ನಾನು ಅಖಿಲ ಬೆನ್ನೆಲುಬಿಲ್ಲದ ಜೀವಿಗಳ ಪರಿಷತ್ತಿನ ಕಾರ್ಯದರ್ಶಿ!"

ಪ್ರಿನ್ಸಿಪಾಲರು ತಲೆಯಾಡಿಸಿದರು. "ಊಹೂಂ. ಒಂಚೂರೂ ಹೋಲಲ್ಲ. ನನಗೆ ಗೊತ್ತಿಲ್ವ ಅವನ ಧ್ವನಿ?"

"ಹೌದೌದು, ಹೋಲಲ್ಲ," ಎಂದಿತು ಇಡೀ ಸ್ಟಾಫ್ ರೂಮು ಒಂದೇ ಬಾಯಲ್ಲಿ.

ಆಗ ಮೂಲೆಯಿಂದೊಂದು ನಗು ಸಿಡಿಯಿತು. ಹುಳು ಮೇಷ್ಟ್ರು! ಇಷ್ಟು ವರ್ಷದಲ್ಲಿ ಯಾರೂ ಅವರ ಹಲ್ಲು ನೋಡಿರಲಿಲ್ಲ. ಮೇಜು ಬಡಿದು, ಕಣ್ಣೊರೆಸಿ, ಜಾಡಿ ಅಪ್ಪಿಕೊಂಡು ನಕ್ಕರು. ಸನ್ಮಾನದ ಸಂತೋಷ ತಲೆಗೇರಿದೆ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಟೇಪು ಮೇಷ್ಟ್ರು ಲ್ಯಾಬಿನ ಹಿಂದಿನ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತರು. "ಸಾರ್... ಆ ಫೋನು..."

"ಬನ್ನಿ ಬನ್ನಿ ಕಾರ್ಯದರ್ಶಿಗಳೇ," ಎಂದರು ಹುಳು ಮೇಷ್ಟ್ರು, ಹುಳುವಿಗೆ ಎಲೆ ಹಾಕುತ್ತ.

"ಗೊತ್ತಿತ್ತಾ!"

"ಗಂಟೆ ಎರಡು ಕಿವೀಲೂ ಹೊಡೀತು ಕಣಯ್ಯ. ಈ ಕಿವೀಲಿ ಕಾಲೇಜಿಂದು, ಫೋನಿಟ್ಟ ಕಿವೀಲಿ ಪರಿಷತ್ತಿಂದು. ಎರಡಕ್ಕೂ ಒಂದೇ ಬಿರುಕು!"

"ಮತ್ತೆ ಯಾಕೆ ಸಾರ್ ಸುಮ್ನಿದ್ರಿ?"

ಹುಳು ಮೇಷ್ಟ್ರು ಜಾಡಿಯ ಮುಚ್ಚಳ ಹಾಕಿದರು. "ಇಷ್ಟು ವರ್ಷ ಇದರ ಬಗ್ಗೆ ಯಾರಾದ್ರೂ ಒಂದು ಪ್ರಶ್ನೆ ಕೇಳಿದ್ರಾ? ನೀನು ಕೇಳಿದ್ಯಾ? ಇವತ್ತು ಎಲ್ಲರೂ ಕೇಳಿದ್ರು. ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ."

ಟೇಪು ಮೇಷ್ಟ್ರು ಜೀವನದಲ್ಲಿ ಮೊದಲ ಬಾರಿಗೆ ತಮ್ಮದೇ ಧ್ವನಿಯಲ್ಲಿ ತೊದಲಿದರು. "ಆದ್ರೆ ಅಧ್ಯಕ್ಷೆ ಭಾಷಣಕ್ಕೆ ಬರ್ತಾರಂತೆ..."

"ಅದಕ್ಕೇನಂತೆ? ಕಾರ್ಯದರ್ಶಿಗಳು ಮತ್ತೆ ಫೋನ್ ಮಾಡಿ ಸಮ್ಮೇಳನ ಮುಂದಕ್ಕೆ ಹಾಕ್ತಾರೆ. ಆಮೇಲೆ ಮತ್ತೆ ಮುಂದಕ್ಕೆ. ನಾನು ರಿಟೈರ್ ಆಗೋ ತನಕ." ಅವರ ಹೊಟ್ಟೆ ಮತ್ತೆ ಕುಲುಕತೊಡಗಿತು. "ಹೇಗೂ ವೇಳಾಪಟ್ಟಿ ನಿನ್ನ ಕೈಲೇ ಇದೆಯಲ್ಲ? ಅದಕ್ಕೂ ಒಂದು ಪೀರಿಯಡ್ ಇಟ್ಕೋ. ಗಂಟೆ ಹೊಡೆಯೋ ಹೊತ್ತು ಮಾತ್ರ ಬೇಡ ಮಹರಾಯ!"

ಆ ನಗು ಲ್ಯಾಬು ದಾಟಿ, ಅಂಗಳ ದಾಟಿ, ಬಿರುಕು ಗಂಟೆಯವರೆಗೂ ಕೇಳಿಸಿತಂತೆ.